ಗೆದ್ದ ಕಾರಿನ ಮೋಟಾರ್ ಮಾರಾಟಕ್ಕಿದೆ

ರಿಮೋಟ್ ಕಾರು ರೇಸಿನ ಹೊಸಬರ ವಿಭಾಗಕ್ಕೆ ನಿಯಮ ಬರೆಯುವವರು ‘ಕಾರಿನ ಬೆಲೆ ಇಷ್ಟರೊಳಗಿರಬೇಕು’ ಎಂದು ಬರೆಯಬೇಡಿ. ‘ಗೆದ್ದ ಕಾರಿನ ಮೋಟಾರನ್ನು ಅದೇ ಓಟದಲ್ಲಿದ್ದ ಯಾರು ಬೇಕಾದರೂ ನಿಗದಿತ ಬೆಲೆಗೆ ಕೊಳ್ಳಬಹುದು, ಗೆದ್ದವರು ಕೊಡುವುದಿಲ್ಲ ಎನ್ನುವಂತಿಲ್ಲ’ ಎಂದು ಬರೆಯಿರಿ. ನಿಗದಿತ ಬೆಲೆಯೆಂದರೆ ಸಾಧಾರಣ 540 ಬ್ರಷ್ ಮೋಟಾರಿಗೆ (540 ಎಂಬುದು ಮೋಟಾರಿನ ಗಾತ್ರದ ಹೆಸರು) ಅಂಗಡಿಯಲ್ಲಿ ಕೊಡುವಷ್ಟು. ಸುಳ್ಳು ಬಿಲ್ಲು ತೋರಿಸುವುದು ಸುಲಭ, ಆದರೆ ಮೂರು ಪಟ್ಟು ಕೊಟ್ಟು ತಂದ ಮೋಟಾರನ್ನು ಅಗ್ಗಕ್ಕೆ ಕಳೆದುಕೊಳ್ಳಲು ಯಾರೂ ಒಪ್ಪುವುದಿಲ್ಲ. ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ವಸ್ತು ಅದು. ಹೊಟ್ಟೆಕಿಚ್ಚಿಗೆ ಕೊಳ್ಳುವವರೂ ಇರುತ್ತಾರೆ, ಹಾಗಾಗಿ ಕೊಳ್ಳುವವರು ತಮ್ಮ ಮೋಟಾರನ್ನು ಬದಲಿಗೆ ಬಿಟ್ಟುಕೊಡಬೇಕು ಎಂದೂ ಸೇರಿಸಿ. ಬ್ಯಾಟರಿಯ ಕಳ್ಳಾಟ ಇದರಿಂದ ನಿಲ್ಲದು: ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಪೂರ್ತಿ ಚಾರ್ಜಾದಾಗ 8.4 ವೋಲ್ಟ್, ಓಟಕ್ಕೆ ಮೊದಲು ಮಲ್ಟಿಮೀಟರ್ ಅದಕ್ಕಿಂತ ಹೆಚ್ಚು ತೋರಿಸಿದರೆ ಆ ಕಾರು ಬದಿಗೆ. ಪಿನಿಯನ್, ಅಂದರೆ ಮೋಟಾರಿನ ತುದಿಯ ಚಿಕ್ಕ ಗಿಯರಿನ, ಹಲ್ಲು ಹೆಚ್ಚಿಸಿ ವೇಗ ಗಿಟ್ಟಿಸುವವರೂ ತಪ್ಪಿಸಿಕೊಳ್ಳುತ್ತಾರೆ, ಅವರ ಮೋಟಾರ್ ಬೇಗ ಕಾದು ಸುಸ್ತಾಗುತ್ತದೆ, ಬಿಡಿ. ಐದಾರು ಜನರಷ್ಟೇ ಇದ್ದು ಎಲ್ಲರೂ ನೆಂಟರಾದರೆ ನಿಯಮ ಸತ್ತಂತೆ. ದಾಕ್ಷಿಣ್ಯಕ್ಕೆ ಯಾರೂ ಕೊಳ್ಳುವುದಿಲ್ಲ, ನಮ್ಮ ಕೊಡಗಿನಲ್ಲಿ ಅದೇನೂ ಅಪರೂಪವಲ್ಲ. ಮಳೆಗಾಲದ ಕೆಸರಿನಲ್ಲಂತೂ ಗೆಲ್ಲಿಸುವುದು ಟೈರು, ಮೋಟಾರಲ್ಲ. ಆಗ ಎಲ್ಲರಿಗೂ ಒಂದೇ ಟೈರು ಕಡ್ಡಾಯ ಮಾಡಿ. ಕಾಫಿ ಕಣದ ಸಿಮೆಂಟಿನ ಮೇಲೆ ಓಡಿಸುವುದಾದರೆ ಕೊಯ್ಲಿಗೆ ಮುಂಚೆಯೇ ಮುಗಿಸಿ, ಡಿಸೆಂಬರ್ ಹೊತ್ತಿಗೆ ಅಲ್ಲಿ ಕಾಫಿ ಹರಡಿರುತ್ತದೆ.