ಘಟ್ಟ ಇಳಿದು ಸರ್ಫಿಂಗ್ ಕಲಿಯೋದು ಹೇಗೆ? ಮೊದಲು ಮರಳು ನೋಡಿ, ಆಮೇಲೆ ಬೋರ್ಡ್

ಮಲೆನಾಡಿನವರಿಗೆ ನೀರು ಹೊಸದೇನಲ್ಲ. ತುಂಗೆಯಲ್ಲೋ, ಶರಾವತಿ ಹಿನ್ನೀರಲ್ಲೋ, ತೋಟದ ಕೆರೆಯಲ್ಲೋ ಈಜು ಕಲಿತಿರುತ್ತೇವೆ. ಅದಕ್ಕೇ ಸರ್ಫಿಂಗ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಬೋರ್ಡಿನ ಮೇಲೆ ನಿಲ್ಲುವುದು ಹೇಗೆ ಅಂತ. ಅದು ಆಮೇಲಿನ ಮಾತು. ಯಾವ ದಂಡೆ, ಯಾವ ಹೊತ್ತು, ನೀರಿನ ಅಡಿಯಲ್ಲಿ ಮರಳು ಹೇಗೆ ಕೂತಿದೆ ಅನ್ನುವುದನ್ನು ಮೊದಲು ನೋಡಲು ಕಲಿಯಿರಿ.

ಶಿವಮೊಗ್ಗದಿಂದ ಹೊರಟರೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಉಡುಪಿ, ಅಲ್ಲಿಂದ ದಕ್ಷಿಣಕ್ಕೆ ಮೂಲ್ಕಿ. ಅಲ್ಲಿ ಬೋರ್ಡ್ ಬಾಡಿಗೆಗೆ ಸಿಗುತ್ತದೆ, ಕಲಿಸುವವರೂ ಇದ್ದಾರೆ. ಹತ್ತಿರದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಿತ್ತು. ಶಾಂಭವಿ, ನಂದಿನಿ ಎರಡೂ ಕೂಡಿ ಸಮುದ್ರ ಸೇರುವ ಅಳಿವೆ ಅಲ್ಲೇ ಇದೆ. ಹೊಸಬರು ಅಳಿವೆಯ ಬಾಯಿಂದ ದೂರ ಇರಿ, ಇಳಿತದ ಹೊತ್ತಿಗೆ ಹೊಳೆ ನೀರು ಜೋರಾಗಿ ಹೊರಗೆ ಎಳೆಯುತ್ತದೆ. ಮರವಂತೆ ನೋಡಲು ಚಂದ, ಆದರೆ ದಂಡೆಗೆ ಕಲ್ಲು ಹಾಕಿರುವ ಕಡೆ ಬೋರ್ಡ್ ಇಳಿಸುವ ಯೋಚನೆಯೇ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರಿಗೆ ಸಮುದ್ರ ಇಲ್ಲ ಅಂದುಕೊಳ್ಳಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ಮೀನುಗಾರಿಕೆಗೆ ಹೋಗುವಂತಿಲ್ಲ. ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿಸಿ ಫೆಬ್ರವರಿ ಹೊತ್ತಿಗೆ ಹೋದರೆ ಅಲೆ ಸಣ್ಣದು, ಕಲಿಯಲು ಅಷ್ಟು ಸಾಕು. ಬೆಳಿಗ್ಗೆ ಬೇಗ ಇಳಿಯಿರಿ. ಆಗ ಗಾಳಿ ನೆಲದಿಂದ ಸಮುದ್ರದ ಕಡೆ ಮೆಲ್ಲಗೆ ಬೀಸುತ್ತದೆ, ಅಲೆ ನೀಟಾಗಿ ಏಳುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಶುರುವಾದರೆ ನೀರೆಲ್ಲ ಕದಡಿದ ಹಾಗಾಗಿ ಯಾವ ಅಲೆ ಎಲ್ಲಿ ಮುರಿಯುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಹೊರಡುವ ಹಿಂದಿನ ದಿನ ಸಮುದ್ರದ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಯ ಎಚ್ಚರಿಕೆ ಕೊಟ್ಟಿದೆಯಾ ಅಂತ ನೋಡಿ.

ದಂಡೆಗೆ ಹೋದ ಕೂಡಲೇ ಓಡಿ ಇಳಿಯಬೇಡಿ. ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಅಲೆ ಮುರಿಯುವುದು ಅಡಿಯ ನೆಲ ತಾಗಿದಾಗ. ಮೂರಡಿ ಅಲೆ ಹೆಚ್ಚು ಕಡಿಮೆ ನಾಲ್ಕಡಿ ನೀರಿಗೆ ಬಂದಾಗ ಮುರಿಯುತ್ತದೆ. ಅಂದರೆ ಬಿಳಿ ನೊರೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಮರಳದಿಬ್ಬ ಇದೆ ಅಂತ ಅರ್ಥ. ಅದರ ಪಕ್ಕದಲ್ಲೇ ಅಲೆ ಮುರಿಯದ, ನೀರು ಸ್ವಲ್ಪ ಕಪ್ಪಾಗಿ ಕಾಣುವ ಒಂದು ಪಟ್ಟಿ ಇದ್ದರೆ, ಶಾಂತವಾಗಿದೆ ಅಂತ ಅಲ್ಲಿಗೆ ಹೋಗಬೇಡಿ. ದಂಡೆಗೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು, ಸೆಳೆತ ಅನ್ನುವುದು ಅದಕ್ಕೇ. ಮರಳು ಒಂದೇ ಕಡೆ ನಿಲ್ಲುವುದೂ ಇಲ್ಲ. ಹೋದ ವರ್ಷ ಸರಿಯಿದ್ದ ಜಾಗ ಮಳೆಗಾಲ ಕಳೆದ ಮೇಲೆ ಹಾಗೇ ಇರಬೇಕೆಂದಿಲ್ಲ, ಅದಕ್ಕೆ ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳಿ.

ಉಬ್ಬರ ಇಳಿತವೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ. ಪೂರ್ತಿ ಉಬ್ಬರದಲ್ಲಿ ಅಲೆ ದಂಡೆಯ ಮೇಲೇ ಬಂದು ಅಪ್ಪಳಿಸುವ ಜಾಗಗಳಿವೆ, ಅಲ್ಲಿ ಕುತ್ತಿಗೆಗೆ ಪೆಟ್ಟಾಗುತ್ತದೆ. ಉಬ್ಬರಕ್ಕೂ ಇಳಿತಕ್ಕೂ ನಡುವಿನ ಹೊತ್ತು ಸಾಮಾನ್ಯವಾಗಿ ಒಳ್ಳೆಯದು.

ಬೋರ್ಡ್ ಎಂಟು ಒಂಬತ್ತು ಅಡಿಯದ್ದು, ಮೇಲೆ ಮೆತ್ತನೆಯ ಫೋಮ್ ಇರುವುದೇ ಆಗಬೇಕು. ಸಣ್ಣ ಬೋರ್ಡ್ ಸ್ಟೈಲಾಗಿ ಕಾಣುತ್ತದೆ, ಹೊಸಬರನ್ನು ಹೊರುವುದಿಲ್ಲ. ನಿಂತಾಗ ಹಿಂದೆ ಇರುವ ಕಾಲಿಗೆ ಲೀಶ್, ಅಂದರೆ ಬೋರ್ಡ್ ಕೈತಪ್ಪಿ ಹೋಗದಂತೆ ಹಿಡಿದಿಡುವ ಹಗ್ಗ, ಕಟ್ಟಿಕೊಳ್ಳಿ. ಎದ್ದು ನಿಲ್ಲುವ ಅಭ್ಯಾಸಕ್ಕೆ ಸಮುದ್ರ ಬೇಕಿಲ್ಲ, ಮನೆ ಅಂಗಳದಲ್ಲಿ ಚಾಪೆ ಹಾಕಿ ಮಾಡಿ: ಬೋರಲು ಮಲಗಿ, ಎರಡೂ ಅಂಗೈ ಪಕ್ಕೆಲುಬಿನ ಹತ್ತಿರ ಊರಿ, ಎದೆ ಎತ್ತಿ, ಒಂದೇ ಏಟಿಗೆ ಎರಡೂ ಪಾದ ಮೈ ಅಡಿಗೆ ತಂದು ನಿಲ್ಲಿ. ಮೊಣಕಾಲು ಊರಿ ಏಳುವ ಚಾಳಿ ಬಿದ್ದರೆ ಬಿಡಿಸುವುದು ಕಷ್ಟ.

ನೀರಲ್ಲಿ ಸೊಂಟದ ಆಳಕ್ಕಿಂತ ಮುಂದೆ ಹೋಗಬೇಡಿ. ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಮರಳಲ್ಲಿ ಹೂತು ಮಲಗಿರುತ್ತದೆ, ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆದರೆ ಅದೇ ಸರಿದು ಹೋಗುತ್ತದೆ. ಬೋರ್ಡನ್ನು ನಿಮಗೂ ಅಲೆಗೂ ನಡುವೆ ಅಡ್ಡ ಹಿಡಿಯಬೇಡಿ, ಮುಖಕ್ಕೇ ಬಡಿಯುತ್ತದೆ. ಮುರಿದು ನೊರೆಯಾಗಿ ಬರುವ ಅಲೆ ಆರಿಸಿಕೊಂಡು, ದಂಡೆಯ ಕಡೆ ಮುಖ ಮಾಡಿ ಬೋರ್ಡಿನ ಮೇಲೆ ಮಲಗಿ, ಈಜುವ ಹಾಗೆ ನೀರಲ್ಲಿ ಕೈ ಬೀಸಿ. ನೊರೆ ಹಿಂದಿನಿಂದ ತಳ್ಳಿದ್ದು ಗೊತ್ತಾದ ಮೇಲೂ ಇನ್ನೆರಡು ಸಲ ಬೀಸಿ, ಆಮೇಲೆ ಏಳಿ. ಕಣ್ಣು ಮುಂದಿರಲಿ, ಕಾಲು ನೋಡಿಕೊಂಡರೆ ಬಿದ್ದೇ ಬೀಳುತ್ತೀರಿ. ಬೀಳುವಾಗ ತಲೆ ಮುಂದೆ ಮಾಡಿ ಧುಮುಕಬೇಡಿ, ಬೆನ್ನೋ ಪಕ್ಕೆಯೋ ಅಡಿಯಾಗಿ ಚಪ್ಪಟೆಯಾಗಿ ಬೀಳಿ, ಮೇಲೆ ಬರುವಾಗ ತಲೆಗೆ ಕೈ ಅಡ್ಡ ಇರಲಿ.

ಸೆಳೆತಕ್ಕೆ ಸಿಕ್ಕಿಬಿಟ್ಟರೆ? ಮಳೆಗಾಲದ ಹೊಳೆ ದಾಟುವಾಗ ಯಾರೂ ನೀರಿಗೆ ಎದುರು ಈಜುವುದಿಲ್ಲ, ಅಲ್ವಾ? ಇಲ್ಲೂ ಅದೇ. ದಂಡೆಗೆ ನೇರ ಬರಲು ಒದ್ದಾಡಬೇಡಿ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ ನೊರೆ ಇರುವ ಕಡೆ ಸೇರಿ, ಅಲೆಯೇ ಒಳಗೆ ತರುತ್ತದೆ. ಬೋರ್ಡ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಅದು ತೇಲುತ್ತದೆ. ಕೈ ಸೋತರೆ ಅದರ ಮೇಲೆ ಮಲಗಿ ಸಹಾಯಕ್ಕೆ ಒಂದು ಕೈ ಎತ್ತಿ ಬೀಸಿ.

ನೊರೆಯಲ್ಲಿ ಹತ್ತರಲ್ಲಿ ಏಳು ಸಲ ನಿಲ್ಲಲು ಬಂದ ಮೇಲೆ ಹೊರಗಿನ ಹಸಿರು ಅಲೆಯ, ಅಂದರೆ ಇನ್ನೂ ಮುರಿಯದ ಅಲೆಯ ಮಾತು. ಅಲ್ಲಿ ಒಂದು ನಿಯಮವಿದೆ: ಅಲೆ ಮೊದಲು ಮುರಿಯುವ ತುದಿಗೆ ಯಾರು ಹತ್ತಿರ ಇದ್ದಾರೋ ಅಲೆ ಅವರದು. ಇನ್ನೊಬ್ಬರು ಎದ್ದು ನಿಂತಾಗಿದ್ದರೆ ನೀವು ಕೈ ಬೀಸುವುದನ್ನು ನಿಲ್ಲಿಸಿ, ಮುಂದಿನದಕ್ಕೆ ಕಾಯಿರಿ.