ಮ್ಯಾಕ್‌ನ ಫೋಟೋಸ್ ಲೈಬ್ರರಿಯನ್ನು ಹೊರಗಿನ ಡ್ರೈವ್‌ಗೆ ಸಾಗಿಸುವುದು

ಮ್ಯಾಕ್‌ನಲ್ಲಿ ಜಾಗ ಇಲ್ಲ ಎಂದು ಒದ್ದಾಡುತ್ತಿದ್ದರೆ ಮೊದಲು 'ಪಿಕ್ಚರ್ಸ್' ಫೋಲ್ಡರ್ ತೆರೆಯಿರಿ. ಅಲ್ಲಿರುವ 'ಫೋಟೋಸ್ ಲೈಬ್ರರಿ' (ಫೋಟೋಸ್ ಆ್ಯಪ್ ನಿಮ್ಮ ಫೋಟೋ, ವಿಡಿಯೊ ಇಡುವ ಜಾಗ) ಎಷ್ಟು ದೊಡ್ಡದಿದೆ ನೋಡಿ. ನನ್ನದು 180 ಜಿಬಿ ಇತ್ತು!

ಹೊರಗಿನ ಡ್ರೈವ್ ಮ್ಯಾಕ್‌ನ ಮಾದರಿಯಲ್ಲಿ, ಅಂದರೆ ಎಪಿಎಫ್‌ಎಸ್ ಅಥವಾ 'ಮ್ಯಾಕ್ ಒಎಸ್ ಎಕ್ಸ್‌ಟೆಂಡೆಡ್ (ಜರ್ನಲ್ಡ್)' ಆಗಿ ಫಾರ್ಮ್ಯಾಟ್ ಆಗಿರಬೇಕು. ಅಂಗಡಿಯಿಂದ ತಂದದ್ದು ಹೆಚ್ಚಾಗಿ ಎಕ್ಸ್‌ಫ್ಯಾಟ್ ಎಂಬ ಬೇರೆ ಮಾದರಿಯಲ್ಲಿರುತ್ತದೆ, ಅದು ಇದಕ್ಕೆ ಆಗುವುದಿಲ್ಲ. ಮ್ಯಾಕ್‌ನಲ್ಲೇ ಇರುವ 'ಡಿಸ್ಕ್ ಯುಟಿಲಿಟಿ' ಆ್ಯಪ್‌ನಲ್ಲಿ ಬದಲಾಯಿಸಬಹುದು, ಆದರೆ ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಹುಷಾರು. ಟೈಮ್ ಮಷೀನ್‌ಗೆ (ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆ) ಬಳಸುವ ಡ್ರೈವ್ ಬೇಡ.

ಫೋಟೋಸ್ ಆ್ಯಪ್ ಪೂರ್ತಿ ಮುಚ್ಚಿ, ಲೈಬ್ರರಿಯನ್ನು ಹೊಸ ಡ್ರೈವ್‌ಗೆ ಎಳೆದು ಬಿಡಿ. ಗಂಟೆಗಟ್ಟಲೆ ಹಿಡಿಯಬಹುದು. ನಾನು ರಾತ್ರಿ ಊಟ ಮುಗಿಸಿ ಹಚ್ಚಿಟ್ಟು ಮಲಗಿದೆ, ಬೆಳಿಗ್ಗೆಗೆ ಮುಗಿದಿತ್ತು. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲೇ ಇರಲಿ, ನಿದ್ದೆಗೆ ಹೋಗದಂತೆ ನೋಡಿಕೊಳ್ಳಿ.

ಆಮೇಲೆ ಆಪ್ಷನ್ ಕೀ ಒತ್ತಿ ಹಿಡಿದು ಫೋಟೋಸ್ ತೆರೆಯಿರಿ. ಯಾವ ಲೈಬ್ರರಿ ಎಂದು ಕೇಳುತ್ತದೆ, ಹೊಸದನ್ನು ಆರಿಸಿ. ಐಕ್ಲೌಡ್ ಬಳಸುವವರು ಫೋಟೋಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಜನರಲ್'ಗೆ ಹೋಗಿ 'ಯೂಸ್ ಆ್ಯಸ್ ಸಿಸ್ಟಮ್ ಫೋಟೋ ಲೈಬ್ರರಿ' ಒತ್ತಲೇಬೇಕು.

ಮ್ಯಾಕ್‌ನಲ್ಲೇ ಉಳಿದಿರುವ ಹಳೆಯ ಲೈಬ್ರರಿಯನ್ನು ಕೂಡಲೇ ಅಳಿಸಬೇಡಿ, ದಯವಿಟ್ಟು. ಹತ್ತಿಪ್ಪತ್ತು ಫೋಟೋ, ಒಂದೆರಡು ಉದ್ದದ ವಿಡಿಯೊ ತೆರೆದು ನೋಡಿ. ನಾನು ಅಜ್ಜಿಯ ಕೊನೆಯ ಯುಗಾದಿಯ ವಿಡಿಯೊ ಪೂರ್ತಿ ಓಡಿಸಿ ನೋಡಿದ ಮೇಲೆಯೇ ಹಳೆಯದನ್ನು ಟ್ರ್ಯಾಶ್‌ಗೆ ಹಾಕಿದ್ದು. ಟ್ರ್ಯಾಶ್ ಖಾಲಿ ಮಾಡಿದರೆ ಮಾತ್ರ ಜಾಗ ಸಿಗುತ್ತದೆ.

ಇನ್ನೊಂದು ಮಾತು. ಇದು ಸ್ಥಳಾಂತರ ಅಷ್ಟೇ, ಬ್ಯಾಕಪ್ ಅಲ್ಲ. ಆ ಡ್ರೈವ್ ಕೈಯಿಂದ ಜಾರಿ ಬಿದ್ದರೆ ಎಲ್ಲವೂ ಹೋಯಿತು ಅಲ್ವಾ? ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಫೋಟೋಸ್ ತೆರೆದಿರುವಾಗ ಸುಮ್ನೆ ಕೇಬಲ್ ಕಿತ್ತುಬಿಡಬೇಡಿ.