ಇದ್ದಲಿನ ಬೆಂಕಿ ಎರಡು ಸಲ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ನೋಡುವವನು. ಸತ್ಯವೇದವನ್ನು, ಅಂದರೆ ಬೈಬಲನ್ನು, ಚಿಕ್ಕಂದಿನಿಂದ ಓದುತ್ತಿದ್ದೇನೆ. ಆದರೆ ಬಹಳ ವರ್ಷ ಓದಿದ್ದು ಕತೆ ಗೊತ್ತಿದೆ ಎನ್ನುವ ಧೈರ್ಯದಲ್ಲಿ. ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ಅಷ್ಟೇ.

ಈಗ ವಾರಕ್ಕೆ ಒಂದೇ ಭಾಗ ಓದುತ್ತೇನೆ, ಕೈಯಲ್ಲಿ ಪೆನ್ಸಿಲ್ ಹಿಡಿದು. ತೆಗೆದುಹಾಕಿದರೂ ಕತೆಗೆ ಏನೂ ಕೊರತೆಯಾಗದ ಮಾತು ಸಿಕ್ಕಿದರೆ ಅದರ ಕೆಳಗೆ ಗೀಟು ಎಳೆಯುತ್ತೇನೆ. ಇದನ್ನು ಯಾಕೆ ಬರೆದರು ಎಂದು ವಾರವಿಡೀ ತಲೆಯಲ್ಲಿಟ್ಟುಕೊಂಡು ತೋಟ ಸುತ್ತುತ್ತೇನೆ.

ಮೊದಲು ಸಿಕ್ಕಿದ್ದು ಹುಲ್ಲು. ಐದು ಸಾವಿರ ಜನರಿಗೆ ಊಟ ಕೊಡುವಾಗ ಅವರನ್ನು ಹಸಿರು ಹುಲ್ಲಿನ ಮೇಲೆ ಕೂರಿಸಿ ಎಂದು ಯೇಸುಸ್ವಾಮಿ ಹೇಳಿದ್ದು ಮಾರ್ಕ ಬರೆದ ಸುವಾರ್ತೆಯ 6ನೇ ಅಧ್ಯಾಯ, 39ನೇ ವಚನದಲ್ಲಿದೆ (6:39). ಹುಲ್ಲು ಹಸಿರೇ ಅಲ್ವಾ, ಅದರಲ್ಲೇನಿದೆ ಎಂದು ನಮ್ಮ ಮಲೆನಾಡಿನವರಿಗೆ ಅನಿಸುತ್ತದೆ. ಆದರೆ ಇದು ನಡೆದ ಗಲಿಲಾಯ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಹಿಡಿದರೆ ಹುಲ್ಲು ಒಣಗಿಹೋಗುತ್ತದೆ. ಇದೇ ಘಟನೆ ಹೇಳುವಾಗ ಇನ್ನೊಂದು ಸುವಾರ್ತೆ ಬರೆದ ಯೋಹಾನ ಹುಲ್ಲಿನ ಬಣ್ಣ ಹೇಳುವುದಿಲ್ಲ, ಯೆಹೂದ್ಯರ ಪಸ್ಕಹಬ್ಬ ಹತ್ತಿರವಿತ್ತು ಎನ್ನುತ್ತಾನೆ. ಅಂದರೆ ಮಾರ್ಚ್, ಏಪ್ರಿಲ್. ನಮ್ಮ ಮುಳ್ಳಯ್ಯನಗಿರಿಯ ಹುಲ್ಲು ಒಣಗಿ ನಿಲ್ಲುವ ಹೊತ್ತಿಗೆ ಅಲ್ಲಿ ಹಸಿರು! ಆ ಊಟಕ್ಕೆ ರೊಟ್ಟಿ ಸಿಕ್ಕಿದ್ದು ಒಬ್ಬ ಹುಡುಗನ ಹತ್ತಿರ, ಅದು ಜವೆಗೋಧಿ ರೊಟ್ಟಿ ಎಂದೂ ಯೋಹಾನ ಹೇಳುತ್ತಾನೆ. ಆ ಬೆಳೆಯ ಕೊಯ್ಲೂ ಅದೇ ಕಾಲಕ್ಕೆ.

ಒಂದು ಸಲ ಜಾಸ್ತಿ ಮುಂದೆ ಹೋದೆ. ಯೋಹಾನ 21ರಲ್ಲಿ ಬಲೆಗೆ ಬಿದ್ದ ಮೀನು 153. ಒಂದರಿಂದ ಹದಿನೇಳರವರೆಗೆ ಕೂಡಿಸಿದರೆ 153 ಬರುತ್ತದೆ, ಆ ಹದಿನೇಳು ಎಂದರೆ ದೇವರ ಹತ್ತು ಆಜ್ಞೆ, ಪವಿತ್ರಾತ್ಮನ ಏಳು ವರ ಎಂದು ಹಿಂದಿನ ಕಾಲದ ಕ್ರೈಸ್ತ ಪಂಡಿತ ಅಗಸ್ಟೀನ್ ವಿವರಿಸಿದ್ದ. ನಾನು ಅದನ್ನೇ ಸಂಡೇಸ್ಕೂಲಿನ ಮಕ್ಕಳಿಗೆ ಖಚಿತವಾದ ಅರ್ಥ ಎನ್ನುವ ಹಾಗೆ ಹೇಳಿಬಿಟ್ಟೆ. ಸಭೆಯ ಹಿರಿಯರೊಬ್ಬರು ಆಮೇಲೆ ಕರೆದು, "ಅದು ವಾಕ್ಯದಲ್ಲಿ ಎಲ್ಲಿದೆ, ತೋರಿಸಪ್ಪ" ಎಂದರು. ತೋರಿಸಲು ಆಗಲಿಲ್ಲ. ಅವತ್ತಿನಿಂದ ಒಂದು ಮಾತಿನ ಅರ್ಥ ಹೇಳುವ ಮೊದಲು ಆ ಮಾತು ಬೇರೆಲ್ಲಿ ಬಂದಿದೆ ಎಂದು ನೋಡುತ್ತೇನೆ.

ಹಾಗೆ ನೋಡುವಾಗಲೇ ಬೆಂಕಿ ಸಿಕ್ಕಿತು. ಯೇಸುವನ್ನು ಹಿಡಿದ ರಾತ್ರಿ ಶಿಷ್ಯ ಪೇತ್ರ ಅವರನ್ನು ಅರಿಯೆನೆಂದು ಮೂರು ಸಲ ಹೇಳಿದಾಗ ಅಂಗಳದಲ್ಲಿ ಬೆಂಕಿ ಇತ್ತು. ಅದು ಇದ್ದಲಿನದು ಎಂದು ಹೇಳುವುದು ಯೋಹಾನ ಒಬ್ಬನೇ, 18:18ರಲ್ಲಿ. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇರುವುದು ಎರಡೇ ಕಡೆ. ಇನ್ನೊಂದು 21:9. ಪುನರುತ್ಥಾನವಾದ ಮೇಲೆ ಯೇಸು ಸಮುದ್ರದ ದಡದಲ್ಲಿ ಮೀನು ಸುಡುತ್ತಿದ್ದ ಜಾಗ.

ಇದು ಗೊತ್ತಾದದ್ದು ಒಂದು ಡಿಸೆಂಬರಿನಲ್ಲಿ, ಹಣ್ಣು ಕೊಯ್ಯುವ ಕಾಲ. ಬೆಳಗ್ಗೆ ಹಾಜರಿ ಹಾಕುವಾಗ ಆಳುಗಳ ಲೈನ್ ಮನೆಗಳ ಮುಂದೆ ಜನ ಬೆಂಕಿ ಹಾಕಿ ಚಳಿ ಕಾಯಿಸುತ್ತಿದ್ದರು. ನಾನೂ ಕೈ ಚಾಚಿ ನಿಂತೆ. ಆ ಹೊಗೆಯ ವಾಸನೆ ಸ್ವೆಟರಿಗೆ ಹತ್ತಿ ಸಂಜೆ ಆದರೂ ಹೋಗಲಿಲ್ಲ. ಪೇತ್ರನೂ ಆ ರಾತ್ರಿ ಆ ವಾಸನೆ ಹೊತ್ತುಕೊಂಡೇ ಹೊರಗೆ ಹೋಗಿರಬೇಕಲ್ಲ ಎಂದು ಥಟ್ಟನೆ ಹೊಳೆಯಿತು.

21ನೇ ಅಧ್ಯಾಯದಲ್ಲಿ ಅವನು ದೋಣಿಯಿಂದ ನೀರಿಗೆ ಹಾರಿ, ಒದ್ದೆ ಬಟ್ಟೆಯಲ್ಲಿ ದಡಕ್ಕೆ ಬಂದಿದ್ದಾನೆ. ಮುಂದೆ ಮತ್ತೆ ಇದ್ದಲಿನ ಬೆಂಕಿ. ಮೊದಲನೆಯದನ್ನು ಹಚ್ಚಿದ್ದು ಆಳುಗಳು ಮತ್ತು ಯೇಸುವನ್ನು ಹಿಡಿಯಲು ಹೋದ ಓಲೇಕಾರರು. ಈ ಬೆಂಕಿ ಇವರು ದಡ ಸೇರುವ ಮೊದಲೇ ಕಾದಿತ್ತು. ಸ್ವಾಮಿ ಆ ರಾತ್ರಿಯ ಸುದ್ದಿ ಎತ್ತಲಿಲ್ಲ. ಮೊದಲು ಬಂದು ಊಟ ಮಾಡಿ ಎಂದರು. ನನ್ನನ್ನು ಪ್ರೀತಿಸುತ್ತೀಯಾ ಎಂದು ಪೇತ್ರನನ್ನು ಕೇಳಿದ್ದು ಆಮೇಲೆ. ಅದೂ ಮೂರು ಸಲ.

ಮನೆಯಲ್ಲಿ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಬೆಂಕಿ ಮೇಲೆ ಆಗ್ಲೇ ಮೀನಿತ್ತಲ್ಲ, ಮತ್ತೆ ನೀವು ಹಿಡಿದ ಮೀನೂ ತನ್ನಿ ಅಂದಿದ್ದು ಯಾಕೆ?" ಎಂದರು. 21:10. ಇಷ್ಟು ಸಲ ಓದಿಯೂ ನಾನು ನೋಡಿರಲಿಲ್ಲ. ಅದರ ಕೆಳಗೆ ಈಗ ಗೀಟು ಎಳೆದಿದ್ದೇನೆ.